ಎಡಚಿಯ ಬಲಗೈ

ಚಿಕ್ಕಮ್ಮ ದಿನಾ ಬೆಳಿಗ್ಗೆ, ಹಾಲು ಕಾಯಿಸಲು ಒಲೆ ಹಚ್ಚುವುದಕ್ಕೂ ಮೊದಲು, ನಡುಮನೆಯ ನೆಲವನ್ನು ಅಂಗೈಯಿಂದ ಸವರುತ್ತಿದ್ದರು. ಕಸ ಗುಡಿಸಿ ಆಗಿರುತ್ತಿತ್ತು. ಆದರೂ ಮಂಡಿಯೂರಿ ಕೂತು, ಎಡಗೈ ಅಗಲ ಮಾಡಿ, ಕಿಟಕಿಯ ಗೋಡೆಯಿಂದ ಬಾಗಿಲಿನವರೆಗೆ, ಮಲಗಿದ ಮಗುವಿನ ಬೆನ್ನು ಸವರಿದಂತೆ ಸವರಿಕೊಂಡು ಬರುತ್ತಿದ್ದರು. ಹಿಂದಿನ ದಿನ ಬಿದ್ದ ಸೂಜಿ ಏನಾದರೂ ಉಳಿದಿದೆಯೇ ಎಂದು ಹುಡುಕುವುದಕ್ಕೆ. "ಪೊರಕೆಗೆ ಸಿಗದ್ದು ಕೈಗೆ ಸಿಗುತ್ತೆ. ಕೈಗೂ ಸಿಗದ್ದು ಯಾರದೋ ಕಾಲಿಗೆ ಸಿಗುತ್ತೆ," ಎನ್ನುತ್ತಿದ್ದರು. ಜ್ವರ ಬಂದ ದಿನವೂ, ಪ್ರಯಾಣಕ್ಕೆ ಹೊರಟು ನಿಂತ ದಿನವೂ ಈ ಕೆಲಸ ತಪ್ಪಿದ್ದನ್ನು ನಾನು ಕಾಣೆ. ಸವರುವಾಗ ಅವರ ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರೇ ಇರಬೇಕು. ನಾನು ಕೇಳಲು ಹೋಗಲಿಲ್ಲ. ಅದು ಅವರಿಬ್ಬರ ನಡುವಿನ ಮಾತು.

ನಾವು ಆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಲ್ಲಿ ಇದ್ದದ್ದು ಕೆಳಗಿನ ಅಂಗಳದಲ್ಲಿ. ನೀರಿಗೆಂದು ಬಕೆಟ್ ಹಿಡಿದು ಇಳಿದವಳು ನಡುಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರೆ, ಬಕೆಟ್ ತುಂಬಿ ಹರಿದರೂ ಏಳುವ ಮನಸ್ಸಾಗುತ್ತಿರಲಿಲ್ಲ. ಅಲ್ಲಿ ನೆಲದ ತುಂಬ ಒಂದಿಲ್ಲೊಂದು ಕೌದಿ ಹರಡಿರುತ್ತಿತ್ತು. ಅದರ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಓರಗಿತ್ತಿಯರು ಕೂತು ಹೊಲಿಯುತ್ತಿದ್ದರು. ಹಿರಿಯರನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ, ಕಿರಿಯರನ್ನು ಚಿಕ್ಕಮ್ಮ. ರಕ್ತಸಂಬಂಧ ಏನೂ ಇರಲಿಲ್ಲ, ಒಂದೇ ನಲ್ಲಿಯ ನೀರಿನ ಸಂಬಂಧ.

ಆ ಬೀದಿಯಲ್ಲಿ ಹಳೆಯ ಬಟ್ಟೆಯನ್ನು ಯಾರೂ ಎಸೆಯುತ್ತಿರಲಿಲ್ಲ. ಕಾಲರು ಸವೆದ ಅಂಗಿ, ಬಿಸಿಲಿಗೆ ಬಣ್ಣ ಬಿಟ್ಟ ಪರದೆ, ಮಕ್ಕಳಿಗೆ ಗಿಡ್ಡವಾದ ಫ್ರಾಕು, ಶಾಲೆ ಮುಗಿದ ಮೇಲೂ ಪೆಟ್ಟಿಗೆಯಲ್ಲಿ ಉಳಿದ ಯೂನಿಫಾರ್ಮು, ಎಲ್ಲ ಗಂಟು ಕಟ್ಟಿಕೊಂಡು ಈ ಮನೆಗೆ ಬರುತ್ತಿತ್ತು, ಕೌದಿಯಾಗಿ ಹಿಂತಿರುಗುತ್ತಿತ್ತು. ಒಬ್ಬಾಕೆ ತನ್ನ ಕೌದಿಯ ಮೇಲೆ ಬೆರಳಿಟ್ಟು, "ಇದು ನಮ್ಮಪ್ಪನ ಪೈಜಾಮ, ಇದು ನನ್ನ ಮೊದಲನೇ ಸಂಬಳದ ಬ್ಲೌಸು, ಇದು ಆ ದರಿದ್ರ ಸೋಫಾದ ಕವರು," ಎಂದು ತೋರಿಸಿದ್ದು ನನಗಿನ್ನೂ ನೆನಪಿದೆ. ಆ ಸೋಫಾ ಮನೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೈಗುಳ ಮಾತ್ರ ಹೊಸದಾಗಿಯೇ ಉಳಿದಿತ್ತು.

ಚಿಕ್ಕಮ್ಮ ಮದುವೆಯಾಗಿ ಆ ಮನೆಗೆ ಬಂದಾಗ ಅವರಿಗೆ ಗುಂಡಿ ಹೊಲಿಯುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲವಂತೆ. ಸೂಜಿ ಕೊಟ್ಟು ಕೂರಿಸಿದವರು ದೊಡ್ಡಮ್ಮ. ಅವರು ಬಲಗೈಗೆ ಕೊಟ್ಟ ಸೂಜಿಯನ್ನು ಇವರು ಎಡಗೈಗೆ ಬದಲಾಯಿಸಿಕೊಂಡರು.

"ಅಯ್ಯೋ, ಎಡಚಿ," ಅಂದರು ದೊಡ್ಡಮ್ಮ. "ನಮ್ಮ ಮೈದುನನಿಗೆ ಊರೆಲ್ಲ ಹುಡುಕಿ ಎಡಚೀನ ತಂದರಲ್ಲ. ನೀನು ಹೊಲಿದ ಕೌದಿ ಹೊದ್ದವರು ದಿನಾ ಎಡಮಗ್ಗುಲಲ್ಲೇ ಏಳಬೇಕು."

"ಯಾವ ಮಗ್ಗುಲಲ್ಲಾದರೂ ಏಳಲಿ ಅಕ್ಕ. ಏಳೋದು ಮುಖ್ಯ."

ಹೊಸ ಸೊಸೆ ಹೀಗೆ ಮಾತಿಗೆ ಮಾತು ಕೊಟ್ಟದ್ದಕ್ಕೆ ದೊಡ್ಡಮ್ಮ ಅವತ್ತಿಡೀ ಗಂಟುಮುಖ ಹಾಕಿಕೊಂಡಿದ್ದರಂತೆ. ಎಡಚಿ ಎಂಬ ಹೆಸರು ಮಾತ್ರ ಅಂಟಿಕೊಂಡಿತು. ಮುಂದೆ ಬೀದಿಯವರೂ ಹಾಗೇ ಕರೆದರು. ಅಂಚೆಯವನು ಕೂಡ "ಎಡಚಿಯಮ್ಮಾ, ಕಾಗದ" ಎಂದು ಕೂಗುತ್ತಿದ್ದ. ಚಿಕ್ಕಮ್ಮನಿಗೆ ಅದರಲ್ಲಿ ಬೇಸರವಿರಲಿಲ್ಲ. "ದೇವರು ಎರಡು ಕೈ ಕೊಟ್ಟ. ಯಾವುದು ಮೇಲು ಅಂತ ಚೀಟಿ ಬರೆದು ಕಳಿಸಲಿಲ್ಲ," ಎನ್ನುತ್ತಿದ್ದರು.

ಆ ಎಡಗೈಯ ಬೆಲೆ ತಿಳಿದದ್ದು ಸ್ವಲ್ಪ ಕಾಲದ ಮೇಲೆ. ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರಬೇಕು. ಬಲಗೈಯವರು ಬಲದಿಂದ ಎಡಕ್ಕೆ ಹೊಲಿಯುತ್ತಾರೆ. ಅಂಥವರು ಇಬ್ಬರು ಒಂದು ಕೌದಿಗೆ ಕೂತರೆ ಒಬ್ಬರ ಹಿಂದೆ ಒಬ್ಬರು, ಎತ್ತಿನ ಹಿಂದೆ ಗಾಡಿಯಂತೆ ಹೋಗಬೇಕಷ್ಟೆ. ಮುಂದಿನವರ ಬೆನ್ನು ಹಿಂದಿನವರಿಗೆ. ಚಿಕ್ಕಮ್ಮ ಹೊಲಿಯುತ್ತಿದ್ದದ್ದು ಎಡದಿಂದ ಬಲಕ್ಕೆ. ಹಾಗಾಗಿ ಒಂದೇ ಮೂಲೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತು ಹೊರಟರೆ, ದೊಡ್ಡಮ್ಮ ಆ ಕಡೆಯಿಂದ, ಇವರು ಈ ಕಡೆಯಿಂದ ಸುತ್ತಿ ಬಂದು, ಎದುರಿನ ಮೂಲೆಯಲ್ಲಿ ಮುಖಾಮುಖಿ ಆಗುತ್ತಿದ್ದರು. ಅಲ್ಲಿ ಇಬ್ಬರ ದಾರದ ತುದಿ ಸೇರಿಸಿ ಒಂದು ಗಂಟು ಹಾಕಿದರೆ ಒಂದು ಸುತ್ತು ಮುಗಿಯಿತು. ಅದೇ ಮೂಲೆಯಿಂದ ಮತ್ತೆ ಬೆನ್ನು ತಿರುಗಿಸಿ ಹೊರಟರೆ ಇನ್ನೊಂದು ಸುತ್ತು.

ಅವರ ಮಾತುಕತೆಯೂ ಇದೇ ದಾರಿಯಲ್ಲಿ ನಡೆಯುತ್ತಿತ್ತು. ಮೂಲೆಯಲ್ಲಿ ಶುರುವಾದ ಸುದ್ದಿ ಅರ್ಧಕ್ಕೆ ನಿಂತು, "ಮಿಕ್ಕಿದ್ದು ಆ ಮೂಲೇಲಿ ಹೇಳ್ತೀನಿ" ಎಂದು ಬೇರೆ ಬೇರೆ ಹೊರಟುಬಿಡುತ್ತಿದ್ದರು. ಹೊಸ್ತಿಲ ಮೇಲೆ ಕೂತ ನಾನು ಬಾಯಿಬಿಟ್ಟುಕೊಂಡು ಕಾಯಬೇಕು. ಜಗಳವಾಡಿದ ದಿನ ಇನ್ನೂ ಚೆನ್ನ. ಮಾತು ಬಿಟ್ಟಿದ್ದರೂ ಮೂಲೆ ಬಂದೇ ಬರುತ್ತಲ್ಲ.

"ಗಂಟು ಹಾಕು," ಎನ್ನಬೇಕಾಗುತ್ತಿತ್ತು ಒಬ್ಬರು.

"ಮುಖದಲ್ಲಿರೋದು ಸಾಲದಾ?" ಎನ್ನುತ್ತಿದ್ದರು ಇನ್ನೊಬ್ಬರು. ನಗು ಬಂದರೆ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಬರದಿದ್ದರೆ ಮುಂದಿನ ಮೂಲೆಗೆ.

ಚಿಕ್ಕಪ್ಪ, ಅಂದರೆ ಚಿಕ್ಕಮ್ಮನ ಗಂಡ, ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಊಟಕ್ಕೆ ಮನೆಗೆ ಬಂದಾಗ ಕೌದಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದರು. "ಅತ್ತಿಗೆ ಮುಳ್ಳು ಹೋದ ಹಾಗೆ ಹೋಗ್ತಾರೆ. ನನ್ನ ಹೆಂಡತಿ ಮುಳ್ಳನ್ನ ಹಿಂದಕ್ಕೆ ತಿರುಗಿಸ್ತಾಳೆ. ಈ ಮನೇಲಿ ಊಟದ ಟೈಮ್ ಆಗದೇ ಇರೋದು ಇದಕ್ಕೇನೇ."

"ತಟ್ಟೆ ಅಲ್ಲೇ ಇದೆ. ಬಡಿಸ್ಕೊಳ್ಳೋಕೆ ಯಾವ ಕೈ ಆದರೂ ನಡೆಯುತ್ತೆ," ಎನ್ನುತ್ತಿದ್ದರು ಚಿಕ್ಕಮ್ಮ, ತಲೆ ಎತ್ತದೆ.

ದೊಡ್ಡಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮಗ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಸೊಸೆ ಒಳ್ಳೆಯ ಹುಡುಗಿ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಎಲ್ಲರೂ ಇದ್ದರು. ಆದರೂ ದೊಡ್ಡಮ್ಮನಿಗೆ ಆ ಮನೆಯಲ್ಲಿ ತನ್ನದು ಎಂಬ ಜಾಗವಿದ್ದದ್ದು ಕೌದಿಯ ಅಂಚಿನಲ್ಲಿ. ಅದು ಚಿಕ್ಕಮ್ಮನಿಗೆ ಗೊತ್ತಿತ್ತು.

ದೊಡ್ಡಮ್ಮನ ಕಣ್ಣು ಮಂಜಾಗುತ್ತ ಬಂದದ್ದು ಮೊದಲು ಯಾರಿಗೂ ತಿಳಿಯಲಿಲ್ಲ. ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯತೊಡಗಿದಾಗ ವಯಸ್ಸಾಯಿತು ಅಂದುಕೊಂಡರು. ಬಣ್ಣ ತಪ್ಪಿದಾಗ ಬೆಳಕು ಕಡಿಮೆ ಅಂದುಕೊಂಡರು. ಕೊನೆಗೆ ಡಾಕ್ಟರು ದೀಪ ಬಿಟ್ಟು ನೋಡಿ, ಇದು ಪೊರೆಯಲ್ಲ, ಕಣ್ಣಿನ ಹಿಂದಿನ ನರವೇ ಸೋತಿದೆ, ಕೊಯ್ದು ತೆಗೆಯುವಂಥದ್ದಲ್ಲ ಎಂದರು. ದೊಡ್ಡಮ್ಮ ಅಳಲಿಲ್ಲ. ಮನೆಗೆ ಬಂದು ಕೌದಿಯ ಮುಂದೆ ಕೂತು ಓರಗಿತ್ತಿಯನ್ನು ಕರೆದರು.

"ನೋಡೇ ಎಡಚಿ. ನನ್ನ ಬೆರಳಿಗೆ ಕಣ್ಣಿದೆ, ಇನ್ನೂ ಸ್ವಲ್ಪ ದಿನ ನಡೆಯುತ್ತೆ. ಆದರೆ ನನ್ನ ಹೊಲಿಗೆ ಕೆಟ್ಟ ದಿನ ನೀನೇ ಹೇಳಬೇಕು. ಸೂಜಿ ಕೆಳಗಿಡ್ತೀನಿ. ಸುಳ್ಳು ಹೇಳಬೇಡ."

"ಹೇಳ್ತೀನಿ ಅಕ್ಕ," ಅಂದರು ಚಿಕ್ಕಮ್ಮ.

ಬೆರಳಿಗೆ ಕಣ್ಣಿದೆ ಅಂದದ್ದು ಸುಳ್ಳಲ್ಲ. ಸಾಲಿನ ಮೇಲೆ ಕಿರುಬೆರಳು ಎಳೆದರೆ ಸಾಕು, ಇದು ನನ್ನದು, ಇದು ನಿನ್ನದು ಎಂದುಬಿಡುತ್ತಿದ್ದರು. ಎಡಗೈಯ ಹೊಲಿಗೆ ಒಂದು ಕಡೆ ವಾಲುತ್ತದೆ, ಬಲಗೈಯದು ಇನ್ನೊಂದು ಕಡೆ. ನಮಗೆ ಕಣ್ಣಿಟ್ಟು ನೋಡಿದರೂ ಕಾಣದ್ದು ಅವರ ಬೆರಳಿಗೆ ಸಿಗುತ್ತಿತ್ತು. ಆದರೆ ಅಡಿಯ ಬಟ್ಟೆಯನ್ನು ಸೂಜಿ ಹಿಡಿಯಿತೋ ಬಿಟ್ಟಿತೋ ಎಂಬುದು ಮೇಲೆ ಆಡುವ ಬೆರಳಿಗೆ ತಿಳಿಯುವುದಿಲ್ಲ. ಒಂದು ದಿನ ಒಂದು ಕೌದಿ ವಾಪಸು ಬಂತು. ದೊಡ್ಡಮ್ಮ ಹೊಲಿದ ಕಡೆ ಅಡಿಯ ಬಟ್ಟೆ ಪೂರ್ತಿ ಬಿಟ್ಟುಕೊಂಡು, ಒಳಗೆ ಮಗುವಿನ ಕಾಲು ಸಿಕ್ಕಿಹಾಕಿಕೊಂಡಿತಂತೆ. ತಂದಾಕೆ ಬಾಗಿಲಲ್ಲೇ ನಿಂತು ಮೆಲ್ಲನೆ ಹೇಳಿದಳು. ಚಿಕ್ಕಮ್ಮ ಅದನ್ನು ಇಸಿದುಕೊಂಡು ನೇರ ಮಹಡಿಗೆ, ನಮ್ಮ ಕೋಣೆಗೆ ಬಂದರು.

"ಇಲ್ಲಿ ಸ್ವಲ್ಪ ಕೂತ್ಕೊಳ್ಳಲಾ ಮಗಳೇ?"

ಕೂತರು. ಕೆಟ್ಟ ಸಾಲು ಬಿಚ್ಚಿದರು. ಎಡಗೈಯಲ್ಲಿ ಸೂಜಿ ಹಿಡಿದವರು, ದೊಡ್ಡಮ್ಮನ ಬೆರಳು ನೆನಪಾಗಿ ತಟ್ಟನೆ ನಿಲ್ಲಿಸಿ, ಅದನ್ನು ಬಲಗೈಗೆ ಬದಲಾಯಿಸಿಕೊಂಡರು. ಆ ಬಲಗೈ ಸೂಜಿ ಹಿಡಿದ ಪರಿ ನೋಡಬೇಕಿತ್ತು, ಪುಟ್ಟ ಮಗು ಬಳಪ ಹಿಡಿದಂತೆ. ಹೊಲಿದದ್ದಕ್ಕಿಂತ ಚುಚ್ಚಿಕೊಂಡದ್ದು ಹೆಚ್ಚು.

"ಹೇಳಿಬಿಡಬಾರದಾ ಚಿಕ್ಕಮ್ಮ? ಅವರೇ ಕೇಳಿದ್ದಾರಲ್ಲ," ಅಂದೆ.

"ಹೇಳಿದರೆ ಸೂಜಿ ಇಡ್ತಾಳೆ. ಹಟಮಾರಿ. ಆಮೇಲೆ ಆ ಮೂಲೇಲಿ ನಾನು ಯಾರ ಮುಖ ನೋಡಲಿ?"

ಅಲ್ಲಿಂದ ಮುಂದೆ ಅದೇ ಪಾಠ. ಐವತ್ತು ದಾಟಿದ ಹೆಂಗಸು ಚಿಂದಿಯ ಮೇಲೆ ಬಲಗೈಗೆ ಅ ಆ ಇ ಈ ಕಲಿಸತೊಡಗಿದರು. ಊಟದ ತಟ್ಟೆಯಲ್ಲೂ ಬಲಗೈ, ಬೀಗ ತೆಗೆಯಲೂ ಬಲಗೈ. "ನಮ್ಮವಳಿಗೆ ಈಗ ಒಳ್ಳೆ ಬುದ್ಧಿ ಬಂತೋ, ಇದ್ದದ್ದೂ ಹೋಯ್ತೋ," ಎಂದು ಚಿಕ್ಕಪ್ಪ ತಲೆ ಕೆರೆದುಕೊಂಡರು. ಕೈ ಪಳಗಿದ ಮೇಲೆ, ಮಧ್ಯಾಹ್ನ ಊಟವಾಗಿ ದೊಡ್ಡಮ್ಮ ಒಂದು ನಿದ್ದೆ ತೆಗೆಯುವ ಹೊತ್ತಿಗೆ, ಚಿಕ್ಕಮ್ಮ ಅವರ ಜಾಗದಲ್ಲಿ ಕೂತು, ಅವರ ಸಾಲನ್ನೇ ಹಿಂಬಾಲಿಸಿ, ತಪ್ಪಿದ್ದನ್ನು ಬಿಚ್ಚಿ, ಅವರ ಕೈಯಂತೆಯೇ ಹೊಲಿದಿಡುತ್ತಿದ್ದರು. ಮೊದಲು ಅಂಗೈಯಗಲ ತಪ್ಪುತ್ತಿತ್ತು. ಆಮೇಲೆ ಮೊಳದಷ್ಟು. ಕೊನೆಕೊನೆಗೆ ಅರ್ಧಕ್ಕರ್ಧ.

ಕೌದಿಗಳು ಹೋಗುತ್ತಲೇ ಇದ್ದವು. ಯಾವುದೂ ಹಿಂದಕ್ಕೆ ಬರಲಿಲ್ಲ. ಜನ ಬಂದು, "ದೊಡ್ಡಮ್ಮಾ, ಈ ಕಣ್ಣಲ್ಲಿ ಅದೇನು ಹೊಲಿಗೆ ಹಾಕ್ತೀರಿ," ಎಂದು ಹೊಗಳುತ್ತಿದ್ದರು. ದೊಡ್ಡಮ್ಮ ಮುಖ ಅರಳಿಸಿ, ಸಾಲಿನ ಮೇಲೆ ಬೆರಳಾಡಿಸಿ, "ಕಣ್ಣು ಹೋಯ್ತು, ಕೈ ಹೋಗಿಲ್ಲ ನೋಡೇ ಎಡಚಿ," ಎನ್ನುತ್ತಿದ್ದರು. ಚಿಕ್ಕಮ್ಮ "ಹೂಂ ಅಕ್ಕ" ಎಂದು ದಾರ ಕಚ್ಚುತ್ತಿದ್ದರು.

ಎದುರಿನ ಬೇಕರಿಯಾಕೆಯ ಮಗಳು ಚೊಚ್ಚಲ ಬಸುರಿಯಾಗಿದ್ದಳು. ಹಿಟ್ಟಿನ ಚೀಲದ ಮೆತ್ತನೆಯ ಬಿಳಿ ಬಟ್ಟೆ, ಒಲೆಯ ಕಿಡಿ ತಾಗಿ ತೂತಾದ ಏಪ್ರನ್ನು, ಮಗಳ ಹಳೆಯ ಹೂವಿನ ಲಂಗ ಎಲ್ಲ ತಂದು ಸುರಿದಳು. ಮೊಮ್ಮಗುವಿಗೆ ಕೌದಿ ಬೇಕಿತ್ತು. ಕೆಲಸ ಚೆನ್ನಾಗಿಯೇ ಸಾಗಿತ್ತು. ಅರ್ಧದಷ್ಟು ಸುತ್ತುಗಳು ಮುಗಿದಿರಬೇಕು, ಒಂದು ಸಂಜೆ ಬೇಕರಿಯಾಕೆ ಓಡಿಬಂದಳು. ಮಗಳಿಗೆ ನೋವು ಶುರುವಾಗಿದೆ, ದಿನ ತುಂಬುವ ಮೊದಲೇ ಆಸ್ಪತ್ರೆಗೆ ಸೇರಿಸಿದ್ದೇವೆ, ಕೌದಿ ಬೇಗ ಆದೀತಾ ಎಂದಳು. ಅವಳನ್ನು ಸಮಾಧಾನ ಮಾಡಿ, ಚಹಾ ಕುಡಿಸಿ ಕಳಿಸಿ, ಓರಗಿತ್ತಿಯರು ಹೊಸ ಸುತ್ತಿಗೆ ಕೂತರು. ಚಿಕ್ಕಮ್ಮನ ತಲೆಯ ತುಂಬ ಆ ಹುಡುಗಿಯೇ ಇದ್ದಳು. ಮನಸ್ಸು ಆಸ್ಪತ್ರೆಯಲ್ಲಿತ್ತು, ಕೈ ಮಾತ್ರ ತನಗೆ ಈಚೆಗೆ ರೂಢಿಯಾದ ದಾರಿ ಹಿಡಿಯಿತು.

ನಾನು ಬಕೆಟ್ ಹಿಡಿದು ಇಳಿದಾಗ ದೊಡ್ಡಮ್ಮ ಎದುರಿನ ಮೂಲೆ ತಲುಪಿ, ದಾರದ ತುದಿ ಎತ್ತಿ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ಕಾಯುತ್ತಿದ್ದರು.

"ಎಡಚೀ, ಬಾರೇ. ಎಲ್ಲಿ ಕೂತುಬಿಟ್ಟೆ? ಗಂಟು ಹಾಕು."

"ಇಲ್ಲೇ ಇದ್ದೀನಲ್ಲ ಅಕ್ಕ."

ಧ್ವನಿ ಬಂದದ್ದು ಹಿಂದಿನಿಂದ. ಚಿಕ್ಕಮ್ಮ ಬಲಗೈಯಲ್ಲಿ ಸೂಜಿ ಹಿಡಿದು, ದೊಡ್ಡಮ್ಮನ ಸಾಲಿನ ಒಂದು ಬೆರಳು ಒಳಗೆ, ಅವರ ಹಿಂದೆಯೇ ಹೊಲಿದುಕೊಂಡು ಬಂದಿದ್ದರು. ತಾನು ಏನು ಮಾಡಿದೆ ಎಂಬುದು ಅವರಿಗೆ ತಿಳಿದದ್ದೂ ಆಗಲೇ.

ದೊಡ್ಡಮ್ಮ ನಿಧಾನಕ್ಕೆ ತಿರುಗಿದರು. "ನನ್ನ ಬೆನ್ನ ಹಿಂದೆ ಏನು ಮಾಡ್ತಾ ಇದ್ದೀಯ?"

ದೊಡ್ಡಮ್ಮ ಕೈ ಚಾಚಿ ಆ ಹೊಸ ಸಾಲನ್ನು ಹುಡುಕಿ ಹಿಡಿದರು. ಕಿರುಬೆರಳು ಅದರ ಮೇಲೆ ಸ್ವಲ್ಪ ದೂರ ಹೋಯಿತು, ನಿಂತಿತು, ವಾಪಸು ಬಂತು. ಆಮೇಲೆ ಹೊರಗಿನ ಸುತ್ತು, ಅದರಾಚೆಯ ಸುತ್ತು, ಹಿಂದಿನ ದಿನಗಳ ತನ್ನ ಕಡೆಯ ಸಾಲುಗಳನ್ನೆಲ್ಲ ಒಂದೊಂದಾಗಿ ಮುಟ್ಟಿದರು. ಎಲ್ಲ ಆ ಹೊಸ ಸಾಲಿನ ಕೈಯದೇ ಹೊಲಿಗೆಯಂತೆ ಸಮನಾಗಿದ್ದವು.

"ಎಷ್ಟು ದಿನದಿಂದ?"

"ಬಹಳ ದಿನದಿಂದ ಅಕ್ಕ."

"ನನ್ನ ಹೊಲಿಗೆ ಉಳಿದಿರೋ ಒಂದು ಕೌದಿನಾದರೂ ಈ ಮನೆ ಬಿಟ್ಟು ಹೋಗಿದೆಯಾ? ಅವರೆಲ್ಲ ಬಂದು ಹೊಗಳಿದ್ದು ಯಾರನ್ನ?"

ಚಿಕ್ಕಮ್ಮ ತಲೆ ಬಗ್ಗಿಸಿದರು. ದೊಡ್ಡಮ್ಮ ಸೂಜಿಯನ್ನು ಪುಟ್ಟ ದಿಂಬಿಗೆ ಚುಚ್ಚಿ, ಗೋಡೆ ಹಿಡಿದು ಎದ್ದು, ಒಳಗಿನ ಕೋಣೆಗೆ ಹೋದರು.

ಮಾರನೆಯ ದಿನ ಅವರು ಹೊರಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಊಟ ಮಾಡಿದರು, ಸೊಸೆಯ ಜೊತೆ ಮಾತಾಡಿದರು, ಮೈದುನನಿಗೆ ಟೈಮ್ ಕೇಳಿದರು. ಓರಗಿತ್ತಿಯ ಧ್ವನಿ ಕೇಳಿದರೆ ಮಾತ್ರ ಸುಮ್ಮನಾಗುತ್ತಿದ್ದರು. "ಬೈದರೂ ಚೆನ್ನಾಗಿತ್ತು," ಅಂದರು ಚಿಕ್ಕಮ್ಮ ನನ್ನ ಬಳಿ. "ಎಡಚಿ ಅಂತ ಕೂಡ ಕರೀತಿಲ್ಲ."

ಬೇಕರಿಯಾಕೆಗೆ ಮೊಮ್ಮಗಳು ಹುಟ್ಟಿದ ಸುದ್ದಿ ಬಂತು. ಸಣ್ಣ ಮಗು, ಆದರೆ ಗಟ್ಟಿ. ಸೊಸೆಗೆ ತಡೆಯಲಾಗಲಿಲ್ಲ. "ಚಿಕ್ಕತ್ತೆ, ಅತ್ತೆಯ ಕಡೆ ನಾನು ಕೂರ್ತೀನಿ. ನಾಳೆ ಹೊತ್ತಿಗೆ ಮುಗಿದುಹೋಗುತ್ತೆ."

ಚಿಕ್ಕಮ್ಮ ತಮ್ಮ ಬಲಗೈಯ ಆ ತಪ್ಪು ಸಾಲನ್ನು ಬಿಚ್ಚಿದರು. ಎಡಗೈಗೆ ಸೂಜಿ ತೆಗೆದುಕೊಂಡು, ತಮ್ಮ ಕಡೆಯಿಂದ ಹೊರಟು, ತಮ್ಮ ಅರ್ಧ ಸುತ್ತನ್ನು ಹೊಲಿದು, ಮೂಲೆಗೆ ಬಂದು ಕೂತರು. ದಾರವನ್ನು ಗಂಟು ಹಾಕದೆ ಬೆರಳಿಗೆ ಸುತ್ತಿಕೊಂಡರು. ಹಾಗೇ ಕೂತಿದ್ದರು. ಹೊಸ್ತಿಲ ಮೇಲಿದ್ದ ನಾನು ಎದ್ದು ಹೋಗಲೂ ಆಗದೆ, ಮಾತಾಡಲೂ ಆಗದೆ, ಮನಸ್ಸಿನಲ್ಲೇ ದೇವರನ್ನು ಕರೆದೆ. ಬೇಕರಿಯಿಂದ ಬ್ರೆಡ್ಡು ಬೇಯುವ ವಾಸನೆ ಬಂದು ಹೋಯಿತು. ಚಿಕ್ಕಪ್ಪ ಊಟಕ್ಕೆ ಬಂದವರು ಒಂದು ಮಾತೂ ಆಡದೆ ತಾವೇ ಬಡಿಸಿಕೊಂಡು ಉಂಡು ಹೋದರು.

ಬೆಳಕು ಗೋಡೆ ಹತ್ತುವ ಹೊತ್ತಿಗೆ ಒಳಗಿನಿಂದ ಮಾತು ಬಂತು. "ಅಲ್ಲೇ ಕೂತಿದ್ದೀಯಾ?"

"ಕೂತಿದ್ದೀನಿ."

"ಯಾಕೆ?"

"ಗಂಟು ಹಾಕಬೇಕಲ್ಲ. ನಿಮ್ಮ ದಾರ ಇಲ್ಲೇ ಕಾಯ್ತಿದೆ, ಒಬ್ಬಳೇ ಏನಂತ ಗಂಟು ಹಾಕಲಿ?"

ಆಮೇಲೆ ದೊಡ್ಡಮ್ಮ ಗೋಡೆ ಸವರುತ್ತ ಬಂದರು. ಕೌದಿಯ ಅಂಚು ಕಾಲಿಗೆ ತಾಗಿದ ಕಡೆ ಕೂತರು.

"ಕಣ್ಣು ಹೋದದ್ದು ದೇವರ ಲೆಕ್ಕ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಹೇಳು ಅಂದಿದ್ದೆ, ನೀನು ಹೇಳಲಿಲ್ಲ. ನನ್ನನ್ನ ಗೊಂಬೆ ಮಾಡಿ ಕೂರಿಸಿದೆ."

"ಹೇಳಿದ್ದರೆ ನೀವು ಎದ್ದು ಹೋಗ್ತಿದ್ದಿರಿ."

"ಹೋಗ್ತಿದ್ದೆ. ಹೋಗಿ, ಬೇಜಾರಾಗಿ, ವಾಪಸು ಬರ್ತಿದ್ದೆ. ಇವತ್ತು ಬಂದ ಹಾಗೆ." ದೊಡ್ಡಮ್ಮ ಕೈ ಚಾಚಿದರು. "ಕೊಡು ಸೂಜಿ. ಸಾಲಿನ ಉದ್ದಕ್ಕೂ ಒಂದು ದಪ್ಪ ಹುರಿ ಎಳೆದು ಪಿನ್ನು ಹಾಕು, ಬೆರಳಿಗೆ ಗಾಡಿ ಜಾಡು ಸಿಕ್ಕ ಹಾಗೆ ಸಿಗುತ್ತೆ. ಅಡಿ ಬಟ್ಟೆಗೆ ಎಡಗೈ ಕೊಟ್ಟು ನೋಡ್ಕೊಳ್ತೀನಿ, ಚುಚ್ಚಿದರೆ ಚುಚ್ಚಲಿ. ತಪ್ಪಿದರೆ ಬಾಯಿ ಬಿಟ್ಟು ಹೇಳು. ನಾನೇ ಬಿಚ್ತೀನಿ, ನಾನೇ ಹೊಲೀತೀನಿ."

"ತುಂಬ ತಪ್ಪುತ್ತೆ ಅಕ್ಕ."

"ತುಂಬ ಹೇಳು. ನಿನಗೆ ಬಾಯಿಗೇನು ಬರವಾ, ಎಡಚಿ?"

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹುರಿ ಹುಡುಕಲು ಎದ್ದರು. ಬೇಕರಿಯಾಕೆಗೆ ಹೋಗಿ, ಕೌದಿ ತಡವಾಗುತ್ತೆ, ಅಕ್ಕ ಕಣ್ಣಿಲ್ಲದೆ ಹೊಲೀತಿದ್ದಾರೆ, ಕಾಯೋದಾದರೆ ಕಾಯಿ ಎಂದು ನೇರವಾಗಿ ಹೇಳಿ ಬಂದವರೂ ಅವರೇ. "ಮಗು ಎಲ್ಲಿಗೂ ಹೋಗಲ್ಲ, ಹೊಲೀರಿ," ಅಂದಳಂತೆ ಆಕೆ.

ಆ ಕೌದಿ ಆಮೆಯ ನಡಿಗೆಯಲ್ಲಿ ಸಾಗಿತು. ಚಿಕ್ಕಮ್ಮ ತಮ್ಮ ಅರ್ಧ ಮುಗಿಸಿ ಮೂಲೆಯಲ್ಲಿ ಕಾದರೆ ದೊಡ್ಡಮ್ಮ ಇನ್ನೂ ಮೊದಲ ಅಂಚಿನಲ್ಲೇ ಇರುತ್ತಿದ್ದರು. "ಅಲ್ಲಿ ಬಿಟ್ಟಿದೆ ಅಕ್ಕ." "ಎಲ್ಲಿ?" "ಹಿಂದಕ್ಕೆ, ಇನ್ನೂ ಹಿಂದಕ್ಕೆ. ಹೂವಿನ ಲಂಗದ ಹತ್ತಿರ." ದೊಡ್ಡಮ್ಮ ಬೈದುಕೊಳ್ಳುತ್ತ ಬಿಚ್ಚುತ್ತಿದ್ದರು. ನಡುನಡುವೆ ಬೀದಿಯ ಸುದ್ದಿಯೂ ಬರುತ್ತಿತ್ತು. ಆ ಮನೆಯಲ್ಲಿ ನಾವಿದ್ದ ವರ್ಷಗಳಲ್ಲಿ ಅಷ್ಟು ಮಾತು, ಅಷ್ಟು ಬೈಗುಳ ನಾನು ಕೇಳಿರಲಿಲ್ಲ. ಈಗ ನೆನೆದರೆ, ಅಷ್ಟು ಸುಖವಾಗಿ ಕೂತದ್ದೂ ಇನ್ನೆಲ್ಲೂ ಇಲ್ಲ.

ಒಂದು ಮಧ್ಯಾಹ್ನ ದೊಡ್ಡಮ್ಮ ಸ್ನಾನಕ್ಕೆ ಹೋಗಿದ್ದರು. ಸೊಸೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಕೌದಿಯ ಮೇಲೆ ಬಗ್ಗಿದಳು. ಕೊನೆಯ ಸುತ್ತುಗಳು ಬಾಕಿ ಇದ್ದವು. ಬೇಕರಿಯಾಕೆ ಅವತ್ತು ಸಂಜೆ ಮಗುವನ್ನು ಎತ್ತಿಕೊಂಡು ಬರುವವಳಿದ್ದಳು.

"ಚಿಕ್ಕತ್ತೆ, ಇಷ್ಟು ದೂರ ಸೊಟ್ಟ ಹೋಗಿದೆ ನೋಡಿ," ಅಂದಳು ಮೆಲ್ಲನೆ. "ಅತ್ತೆ ಬರೋದರೊಳಗೆ ನಾನು ಚಕ್ಕಂತ ಬಿಚ್ಚಿ ಹೊಲಿದುಬಿಡ್ಲಾ? ನಂದೂ ಬಲಗೈಯೇ. ಬೆರಳಿಗೂ ಗೊತ್ತಾಗಲ್ಲ. ಸಂಜೆ ಹೊತ್ತಿಗೆ ಕೊಟ್ಟುಬಿಡಬಹುದು."

ಚಿಕ್ಕಮ್ಮ ಆ ಸೊಟ್ಟ ಸಾಲನ್ನು ನೋಡಿದರು. ಬಚ್ಚಲಿನಲ್ಲಿ ಚೊಂಬಿನ ಸದ್ದು ಕೇಳುತ್ತಿತ್ತು.

"ಬೇಡ ಕಣಮ್ಮ," ಅಂದರು. "ಸೊಟ್ಟ ಇದೆ ಅಂತ ಅವರಿಗೆ ಹೇಳಿದ್ದೀನಿ. ತಲೆ ಒರೆಸಿಕೊಂಡು ಬಂದು ಬಿಚ್ತಾರೆ."